ಗದ್ದದಲ್ಲಿ ದಾರಿ ತೋರುವ ಮನೆ

ಜಹಾಂಗೀರಸಾಬನ ಮುತ್ತಜ್ಜನ ಅಪ್ಪ ಅಝೀಮಸಾಬ ಕಂಪನಿ ಸರಕಾರದ ತೋಪಿನ ಗುಂಡನ್ನು ಬರಿಗೈಯಲ್ಲಿ ಹಿಡಿದಿದ್ದ. ಹಿಡಿದು ಸುಮ್ಮನಾದನೇ? ಇಲ್ಲ. ಗುಂಡು ಇನ್ನೂ ಕೆಂಪಗಿರುವಾಗಲೇ ಅದರ ಬೆನ್ನ ಮೇಲೆ ಎರಡು ಜೋಳದ ರೊಟ್ಟಿ ಬೇಯಿಸಿದ. ಒಂದನ್ನು ತಾನು ತಿಂದು, ಇನ್ನೊಂದನ್ನು ಗೆಳೆಯ ಹುಲಗಪ್ಪನಿಗೆ ಕೊಟ್ಟು, ಮೀಸೆ ಒರೆಸಿಕೊಂಡು, ಗುಂಡನ್ನು ತುಂಗಭದ್ರೆಯ ಆಚೆ ದಂಡೆಗೆ ವಾಪಸು ಒಗೆದ. ಅಲ್ಲಿ ಕುದುರೆ ಮೇಲೆ ಕೂತಿದ್ದ ಕಪ್ತಾನನ ಟೊಪ್ಪಿಗೆ ಹಾರಿತು. ಅದು ಇವತ್ತಿನವರೆಗೂ ನೆಲಕ್ಕೆ ಬಿದ್ದಿಲ್ಲ.

ಇದನ್ನು ಸುಳ್ಳೆಂದವರ ಮೂಗಿನ ಮುಂದೆ ಜಹಾಂಗೀರಸಾಬ ತನ್ನ ಬಲಗೈ ಹಿಡಿಯುತ್ತಿದ್ದ. ತೋರುಬೆರಳು ಅಂಗೈಯೊಳಗೆ ಮಡಚಿಕೊಂಡಿರುತ್ತಿತ್ತು.

"ನೋಡ್ರಿ. ಗುಂಡ ಹಿಡದಾಗ ಸುಟ್ಟ ಬೆರಳಿದು. ರಕ್ತದಾಗ ಇಳಕೊಂತ ಬಂದೈತಿ. ನಮ್ಮ ಮನ್ಯಾಗ ಕೂಸು ಹುಟ್ಟೂದ ಬೆರಳ ಮಡಚಿಕೊಂಡು!"

ಎಲ್ಲರ ಮನೆಯ ಕೂಸುಗಳೂ ಮುಷ್ಟಿ ಬಿಗಿದೇ ಹುಟ್ಟುತ್ತವೆ ಎಂದು ಯಾರೂ ವಾದಿಸಲಿಲ್ಲ. ಕಥೆ ಚೆನ್ನಾಗಿತ್ತು, ಹೇಳುವವನು ಅದಕ್ಕಿಂತ ಚೆನ್ನಾಗಿದ್ದ.

ಊರು ಹಮ್ಮಿಗಿಯ ಹಾದಿಯಲ್ಲಿ, ಹೊಳೆಯ ಮಗ್ಗುಲಲ್ಲಿತ್ತು. ಎತ್ತುಗಳಿಗೆ ನಾಲ ಬಡಿಯುವುದು ಜಹಾಂಗೀರಸಾಬನ ಕಸುಬು. ಟ್ರ್ಯಾಕ್ಟರ್ ಬಂದು ಅರ್ಧ ಕಸುಬನ್ನು ತಿಂದಿತ್ತು. ಉಳಿದ ಅರ್ಧವನ್ನು ಅವನು ಮುಂಡರಗಿಯ ಸಂತೆಯಲ್ಲಿ ಬೇವಿನ ಗಿಡದ ಕೆಳಗೆ ಕೂತು ಕಾಯುತ್ತಿದ್ದ. ಎತ್ತನ್ನು ಕೆಡವಿ, ಕಾಲು ಕಟ್ಟಿ, ಮೊಳೆಯನ್ನು ಹೆಬ್ಬೆರಳು ನಡುಬೆರಳುಗಳ ನಡುವೆ ಹಿಡಿದು ಬಡಿಯುತ್ತಿದ್ದ. ಆ ಒಂದು ಬೆರಳಿಗೆ ಕೆಲಸವಿರಲಿಲ್ಲ. ಅನ್ನವೂ ಇರಲಿಲ್ಲ: ಊಟಕ್ಕೆ ಕೂತರೂ ಅದು ಮಡಚಿಯೇ ಇರುತ್ತಿತ್ತು. ಯಾರಾದರೂ ಹಮ್ಮಿಗಿಯ ದಾರಿ ಕೇಳಿದರೆ ಅವನು ಗದ್ದ ಎತ್ತಿ ಆ ದಿಕ್ಕಿಗೆ ಚಾಚುತ್ತಿದ್ದ. ಅವನ ಮಗ ತೌಹೀದನೂ ಹಾಗೆಯೇ. ಲಕ್ಷ್ಮೇಶ್ವರದಿಂದ ಸೊಸೆಯಾಗಿ ಬಂದ ಫರ್ಹಾನಾ ಮೊದಲ ವಾರದಲ್ಲೇ ಉಪ್ಪಿನ ಡಬ್ಬಿಗೆ ಬೊಟ್ಟು ಮಾಡಿ ಅತ್ತೆ ಸುಗ್ರಾಬಿಯಿಂದ ಕೈಮೇಲೆ ಏಟು ತಿಂದಿದ್ದಳು. ಊರವರು ಆ ಮನೆಗೆ 'ಗದ್ದದ ಮನಿ' ಎಂದು ಹೆಸರಿಟ್ಟಿದ್ದರು. ಕರೆಸಿಕೊಂಡವರೂ ನಗುತ್ತಿದ್ದರು.

ಎಡವಟ್ಟಾದದ್ದು ಊರವರು ಆ ಕಥೆಯನ್ನು ನಂಬಿದಾಗ.

ಮುಂಡರಗಿ ಕಡೆಯ ದಂಗೆ ಅಡಗಿದ ಮೇಲೆ ಕಂಪನಿಯ ದಂಡು ಈ ಊರಿಗೂ ಬಂದಿತ್ತು, ದಂಗೆಯವರಿಗೆ ರೊಟ್ಟಿ ಕೊಟ್ಟ ತಪ್ಪಿಗೆ ಹುಲಗಪ್ಪನನ್ನು ಹೊಳೆದಂಡೆಯ ಹುಣಸೆಮರಕ್ಕೆ ನೇಣು ಹಾಕಿತ್ತು. ಇಷ್ಟು ಎಲ್ಲರಿಗೂ ಗೊತ್ತಿತ್ತು. ಮರ ಬಿದ್ದು ಎಷ್ಟೋ ಕಾಲವಾಗಿ, ಈಗ ಅಲ್ಲಿ ಸೂರ್ಯಕಾಂತಿ ಬೆಳೆಯುತ್ತಿತ್ತು. ನಿವೃತ್ತ ಮಾಸ್ತರ ನಿಜಲಿಂಗಪ್ಪನವರು ಮುಂದೆ ನಿಂತು, ಅಲ್ಲಿ ಹುತಾತ್ಮರ ಕಲ್ಲು ನೆಡಬೇಕೆಂದು ಊರನ್ನು ಒಪ್ಪಿಸಿದರು. ಹುಲಗಪ್ಪನ ಮನೆತನದಲ್ಲಿ ಉಳಿದದ್ದು ಸಾವಕ್ಕ ಒಬ್ಬಳೇ. ಹೊಲ ಅವಳದು. "ಇಡ್ರಿ" ಎಂದಿದ್ದಳು, ಅಷ್ಟೇ. ಕಲ್ಲಿನ ಮೇಲೆ ಎರಡು ಹೆಸರೆಂದು ಗೊತ್ತಾಯಿತು. ಒಂದು ಹುಲಗಪ್ಪನದು. ಇನ್ನೊಂದು, ಅವನ ಪಕ್ಕದಲ್ಲಿ ನಿಂತು ತೋಪಿಗೆ ಎದೆಯೊಡ್ಡಿದ ಗೆಳೆಯ ಅಝೀಮಸಾಬನದು.

ಅಂದಿನಿಂದ ಜಹಾಂಗೀರಸಾಬನ ಬಾಯಿಗೆ ರುಚಿ ಹತ್ತಲಿಲ್ಲ. ಬಾಯಲ್ಲಿ ಆಡಿದ್ದು ಗಾಳಿಗೆ ಹೋಗುತ್ತದೆ, ಯಾರಿಗೂ ನಷ್ಟವಿಲ್ಲ. ಕಲ್ಲಿನಲ್ಲಿ ಕೊರೆದದ್ದು ಎಲ್ಲಿಗೆ ಹೋಗುತ್ತದೆ? ಹುಲಗಪ್ಪನ ಹೆಸರಿನ ಮಗ್ಗುಲಲ್ಲೇ ಆ ಹೆಸರು ಕೂರಬೇಕು, ಮಳೆ ಬಿಸಿಲೆನ್ನದೆ. ಬೇಡ ಎಂದುಬಿಡೋಣವೆಂದು ಅವನು ಮಾಸ್ತರರ ಮನೆಗೆ ಹೋದ. ಕಟ್ಟೆ ಏರುತ್ತಲೇ ಬಾಯಿ ತನ್ನ ಚಾಳಿ ಬಿಡದೆ, "ಹೆಸರ ಸ್ವಲ್ಪ ದೊಡ್ಡದ ಕೊರಸ್ರಿ ಮಾಸ್ತರ, ಹೊಳಿಯಾಚಿಂದ ಕಾಣುವಂಗ" ಎಂದು ಬಂತು. ಚಹಾ ಕುಡಿದು ಎದ್ದುಬಂದ.

ಮಲ್ಲಸಮುದ್ರದ ಕಲ್ಲುಕುಟಿಗ ಮುತ್ತಣ್ಣ ಟೆಂಪೋದಲ್ಲಿ ಕಲ್ಲು ತಂದು ಹೊಲದ ಬದುವಿಗೆ ಇಳಿಸಿದ. ಹುಲಗಪ್ಪನ ಹೆಸರು ಕೊರೆದಾಗಿತ್ತು. ಅಝೀಮಸಾಬನ ಹೆಸರನ್ನು ಸೀಮೆಸುಣ್ಣದಲ್ಲಿ ಬರೆದಿತ್ತು, ಉಳಿ ತಾಕುವುದಷ್ಟೇ ಬಾಕಿ. ಮೊದಲು ಕುಣಿ ತೋಡಬೇಕು, ಮರವಿದ್ದ ಖಾಸಾ ಜಾಗದಲ್ಲಿ. ಆ ಜಾಗ ಅಪ್ಪನಿಂದ ಮಗನಿಗೆ ಹೇಳಿಕೊಂಡು ಬಂದದ್ದು ಗದ್ದದ ಮನೆಯಲ್ಲಿ ಮಾತ್ರ ಎಂದು ಊರು ತಿಳಿದಿತ್ತು.

"ಎಲ್ಲಿ ಚಾಚಾ, ತೋರಸ್ರಿ" ಎಂದು ಮುತ್ತಣ್ಣ ಸಲಿಕೆ ಹಿಡಿದು ಬೆಳೆಯೊಳಗೆ ಇಳಿದ.

ಜಹಾಂಗೀರಸಾಬ ಬದುವಿನ ಮೇಲೆ ನಿಂತು ಗದ್ದ ಚಾಚಿದ.

"ಇಲ್ಲಿ?"

"ಅಲ್ಲಲೇ, ಆ ಕಡೆ."

"ಇಲ್ಲೇನ್ರಿ?"

"ಹೊಳೀಗೆ ಹೊಂಟಿಯೇನ? ಹಿಂದ ಸರಿ!"

ಮುತ್ತಣ್ಣ ಗಾಣದ ಎತ್ತಿನಂತೆ ಸುತ್ತಿ ಸುತ್ತಿ ಬೆವತ. "ಚಾಚಾ, ನಿಮ್ಮ ಗದ್ದದ ಬೆನ್ನ ಹತ್ತಿದ್ರ ನಾ ಸಂಜೀಕ ಹೊಳಿಯಾಚಿನ ಊರ ಮುಟ್ಟತೀನಿ. ಬೆರಳ ಮಾಡಿ ತೋರಸ್ರಲಾ!"

ನೆರೆದವರು ನಕ್ಕರು. ಮಾಸ್ತರರೂ ನಕ್ಕು, "ಹೌದ್ರಿ ಸಾಬ್ರ, ಒಮ್ಮಿ ಬೊಟ್ಟ ಮಾಡಿಬಿಡ್ರಿ" ಎಂದರು.

"ಹೆಂಗ ಮಾಡ್ಲಿ ಮಾಸ್ತರ? ಹುಲಿ ಕಚ್ಚಿದ ಬೆರಳು. ನಮ್ಮ ಅಝೀಮಸಾಬ ಕಪ್ಪತಗುಡ್ಡದಾಗ ಹುಲಿ ಬಾಯಾಗ ಕೈ ಹಾಕಿ…"

"ನಿನ್ನೀತನಕ ತೋಪಿತ್ತು" ಎಂದಳು ಸಾವಕ್ಕ. "ಇವತ್ತ ಹುಲಿ ಆತೇನ ತಮ್ಮಾ?"

ಅವಳು ಅದುವರೆಗೂ ಬದುವಿನ ಮೇಲೆ ಸೆರಗು ಹೊದ್ದು ಕೂತಿದ್ದಳು. ಮೆಲ್ಲಗೆ ಎದ್ದಳು. ಬೆಳೆಯೊಳಗೆ ಕಾಲಿಟ್ಟು, ಸೂರ್ಯಕಾಂತಿಯ ದಂಟುಗಳನ್ನು ಎರಡೂ ಕೈಯಿಂದ ಸರಿಸುತ್ತ ನಡೆದಳು. ಯಾರನ್ನೂ ಕೇಳಲಿಲ್ಲ. ಒಂದು ಕಡೆ ನಿಂತು ಇತ್ತ ತಿರುಗಿದಳು. ಹೂಗಳ ನಡುವೆ ಅವಳ ಬಿಳಿ ತಲೆ ಕಾಣುತ್ತಿತ್ತು.

ಜಹಾಂಗೀರಸಾಬ ಒಂದು ಹೆಜ್ಜೆ ಹಿಂದಿಟ್ಟ. ಮರ ಇದ್ದದ್ದು ಅಲ್ಲೇ.

"ಹೆಣ ಇಳಿಸಿಕೊಂಡವರು ನಾವು. ನಮಗ ಜಾಗಾ ಗೊತ್ತಿರೂದಿಲ್ಲೇನ?" ಅವಳ ದನಿ ಜೋರಾಗಿರಲಿಲ್ಲ, ಆದರೆ ಎಲ್ಲರಿಗೂ ಕೇಳಿಸಿತು. "ಸಂತ್ಯಾಗ ನೀ ನಾಲ ಬಡಿಯೂದ ನೋಡೀನಿ ತಮ್ಮಾ. ಎತ್ತು ಕೊಸರಿ ಹಗ್ಗ ಬಿಚ್ಚಿದ್ರ ಐದೂ ಬೆರಳಿಲೆ ಗಪ್ಪನ ಹಿಡೀತಿ. ಬೆರಳು ನೆಟ್ಟಗೈತಿ. ಕೈ ಎತ್ತು. ತೋರಸು."

ಜಹಾಂಗೀರಸಾಬ ಕೈಯೆತ್ತಿದ. ಬೆರಳು ಬಿಚ್ಚಿಕೊಂಡಿತು. ಸುಟ್ಟ ಗುರುತಿಲ್ಲ, ಹಲ್ಲಿನ ಗುರುತಿಲ್ಲ. ಉಳಿದ ನಾಲ್ಕು ಬೆರಳುಗಳು ಸುತ್ತಿಗೆ ಹಿಡಿದು ಕರ್ರಗೆ ಕೊರಡಾಗಿದ್ದರೆ ಅದೊಂದೇ ಬೆಳ್ಳಗೆ, ಮೆತ್ತಗೆ, ಕೂಸಿನ ಬೆರಳಿನಂತಿತ್ತು. ಅದು ನೇರವಾಗಿ ಸಾವಕ್ಕನ ಎದೆಗೆ ಗುರಿಯಾಗಿ ನಿಂತಿತು.

"ಯಾರನ್ನ ತೋರಸಾಕತ್ತಿ ಈಗ?" ಎಂದಳು ಸಾವಕ್ಕ.

ಅವನು ಬದುವಿನ ಮೇಲೆ ಕೂತ.

"ಮುತ್ತಣ್ಣಾ, ಮೊದಲ ಆ ಸುಣ್ಣ ಅಳಸು" ಎಂದ. "ಗುಂಡಿಲ್ಲ, ಹುಲಿಯಿಲ್ಲ. ಹುಲಗಪ್ಪನ್ನ ತೋರಿಸಿಕೊಟ್ಟಾಂವ ನಮ್ಮಾಂವ."

ಮಾಸ್ತರರು ಕಲ್ಲಿನ ಮೇಲಿದ್ದ ಸುಣ್ಣದ ಹೆಸರಿನತ್ತ ತಿರುಗಿದರು.

"ಕಪ್ತಾನ ಊರನ್ನೆಲ್ಲ ಇಲ್ಲಿ ತಂದ ನಿಂದರಿಸಿದ. ರೊಟ್ಟಿ ಕೊಟ್ಟಾಂವನ್ನ ತೋರಸ್ರಿ ಅಂದ. ಯಾರೂ ತೋರಸಲಿಲ್ಲ. ಆಮ್ಯಾಲೆ ಇವರಿಬ್ಬರೂ ಗೆಳ್ಯಾರು ಅಂತ ಯಾವನೋ ಬಾಯಿಬಿಟ್ಟ. ಅಝೀಮಸಾಬನ ಹೆಂಡತೀನ, ತೊಟ್ಟಿಲ ಕೂಸಿನ್ನ ಮನ್ಯಾಗ ಹಾಕಿ ಹೊರಗಿಂದ ಅಗಳಿ ಜಡದ್ರು. ಮಾಡಿನ ಮ್ಯಾಲ ಮೇವ ಹೊದಿಸಿದ್ರು. ಕೊಳ್ಳಿ ಹಿಡದ ನಿಂತಿದ್ರು."

"ಹೆದರಿ ತೋರಿಸಿದ್ರ, ತಪ್ಪ ಅವಂದೇನು ಚಾಚಾ?" ಎಂದ ಮುತ್ತಣ್ಣ, ಮೆತ್ತಗೆ.

"ಕೇಳಿನ್ನ. ಕಪ್ತಾನಗ ಹುಲಗಪ್ಪನ ಹೆಸರ ಮೊದಲ ಗೊತ್ತಿತ್ತಲೇ! ಹಗ್ಗ ಸೈತ ಮರಕ್ಕ ಕಟ್ಟ್ಯಾಗಿತ್ತು. ಅವಂಗ ಬೇಕಾದದ್ದು ಹುಲಗಪ್ಪ ಅಲ್ಲ, ಬೆರಳು. ನೇಣಿಗೆ ಹಾಕಿದ್ರ ಒಬ್ಬ ಸಾಯ್ತಾನ, ನಾಕ ದಿನಕ್ಕ ಊರು ಮತ್ತ ಒಂದಾಗತೈತಿ. ಗೆಳ್ಯಾನ ಕಡಿಂದ ತೋರಿಸಿದ್ರ ಯಾರೂ ಯಾರ ಮನ್ಯಾಗೂ ರೊಟ್ಟಿ ಮುರಿಯೂದಿಲ್ಲ. ಅದು ಅವಂಗ ಗೊತ್ತಿತ್ತು. ಅಝೀಮಸಾಬ ತೋರಿಸಿದ. ಆ ಕೂಸು ಉಳೀತು. ಅದ ನನ್ನ ಮುತ್ತಜ್ಜ. ಅದಕ್ಕ ನಾ ಇವತ್ತ ಇಲ್ಲಿ ಕುಂತೀನಿ."

ತನ್ನ ಬೆರಳನ್ನು ಬೇರೆಯವರದ್ದೆಂಬಂತೆ ನೋಡಿಕೊಂಡ.

"ಅಂದಿನಿಂದ ಈ ಬೆರಳಿಗೆ ಅನ್ನ ತಾಗಿಸಬಾರದು, ಇದರಿಂದ ಏನನ್ನೂ ತೋರಸಬಾರದು ಅಂತ ಆಣಿ ಹಾಕಿ ಹ್ವಾದ. ಕೂಸು ಬೊಟ್ಟ ಮಾಡಾಕ ಕಲಿಯೂದರಾಗ ಬೆರಳಿಗೆ ಬಟ್ಟಿ ಸುತ್ತತೀವಿ. ಯಾಕ ಅಂತ ಕೇಳತಾವು ಅಕ್ಕ. ಏನ ಹೇಳೂದು? ನಮ್ಮಪ್ಪ ಬರೇ ಅಳತಿದ್ದ. ನಂಗ ಅಳಾಕ ಬರಲಿಲ್ಲ, ತೋಪಿನ ಗುಂಡ ಹುಟ್ಟಿಸಿದೆ."

ಸಾವಕ್ಕ ಬೆಳೆಯೊಳಗಿಂದ ಬಂದು ಅವನೆದುರು ನಿಂತಳು. ಅವಳ ಸೆರಗಿಗೆ ಹಳದಿ ದೂಳು ಹತ್ತಿತ್ತು.

"ನಮ್ಮ ಅಜ್ಜಿ ಹೇಳಿದ್ಲು, ಆ ಮನಿಯವರು ತಾವಾಗೇ ಹೇಳೂತನಕ ಕೇಳಬ್ಯಾಡ ಅಂತ. ಕಾಯ್ದೆ. ನೀ ಗುಂಡಿನ ಮ್ಯಾಲ ರೊಟ್ಟಿ ಸುಟ್ಟಾಗೆಲ್ಲ ಊರು ನಗತಿತ್ತು, ನಾನೂ ನಗತಿದ್ದೆ. ಮನಿಗೆ ಹೋಗಿ ಉಣ್ಣಾಕ ಆಗತಿರಲಿಲ್ಲ." ಆಮೇಲೆ ಕೇಳಿದಳು, "ಹುಲಗಪ್ಪ ಏನಂದ? ಗೆಳ್ಯಾ ಬೊಟ್ಟ ಮಾಡಿದಾಗ?"

ಜಹಾಂಗೀರಸಾಬ ತಲೆ ಎತ್ತಿದ. ಹಳೆಯ ಚಾಳಿಯ ಬಾಯಿ ತಾನಾಗಿಯೇ ತೆರೆದುಕೊಂಡಿತು.

"ಏನೂ ಅನಲಿಲ್ಲಂತ ಅಕ್ಕ. ಕಣ್ಣ ಹೊಡದು ನಕ್ಕನಂತ. ಕೂಸು ಒಳಗೈತಿ, ನನ್ನ ತೋರಸಲೇ ಹುಚ್ಚಾ ಅಂತ ಕಣ್ಣಾಗ ಹೇಳಿದ್ನಂತ. ನಮ್ಮ ಮನ್ಯಾಗ ಹಂಗ ಹೇಳಕೊಂತ ಬಂದಾರ."

ಬೆರಳು ಮೆಲ್ಲಗೆ ಅಂಗೈಯೊಳಗೆ ಮಡಚಿಕೊಂಡಿತು.

"ಅದೂ ಸುಳ್ಳಿರಬೇಕು. ಬದುಕಿ ಉಳದವರು ನಾವು, ನಮಗ ಬೇಕಾದಂಗ ಹೇಳಕೊಂಡೀವಿ. ಅಂವ ನಕ್ಕನೋ, ಉಗುಳಿದನೋ, ನಂಗ ಗೊತ್ತಿಲ್ಲ ಅಕ್ಕ. ಗೊತ್ತಿಲ್ಲ ಅನ್ನೂದೊಂದ ಖರೆ."