ಹಿಂದಿನ ಕೊಟ್ಟಿಗೆಯ ಹದಿಮೂರು

ಸರ್ಕಾರಿ ಕಚೇರಿಯಿಂದ ಫಾರಂ ತುಂಬಿಸಿಕೊಳ್ಳಲು ಬಂದ ಹುಡುಗಿ ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸಿ ಹೆಲ್ಮೆಟ್ ತೆಗೆಯುವಷ್ಟರಲ್ಲಿ ದೊಡ್ಡಕ್ಕ ಹದಿಮೂರು ದನಗಳನ್ನು ಮಾಯ ಮಾಡಿಬಿಟ್ಟಿದ್ದಳು.

ಇದರಲ್ಲಿ ಜಾದೂ ಏನೂ ಇಲ್ಲ. ಮನೆಯ ಮುಂದೆ ತಗಡು ಹೊದಿಸಿದ ಕೊಟ್ಟಿಗೆ, ಅದರಲ್ಲಿ ಹದಿನಾಲ್ಕು. ಹುಲ್ಲಿನ ಬಣವೆಯ ಆಚೆ, ಮರಗಳ ಸಾಲಿನ ಹಿಂದೆ ಹಳೆಯ ಕೊಟ್ಟಿಗೆ, ಅದರಲ್ಲಿ ಹದಿಮೂರು. ಎಣಿಸುವವರು ಬರುತ್ತಾರೆಂದು ಗಾಳಿಸುದ್ದಿ ಬಂದರೂ ಸಾಕು, ತಮ್ಮ ಹೋಗಿ ಹಿಂದಿನ ಕೊಟ್ಟಿಗೆಯ ಬಾಗಿಲಿಗೆ ಹುಲ್ಲಿನ ಕಟ್ಟುಗಳನ್ನು ಒಟ್ಟಿ ಬರುತ್ತಿದ್ದ. ಆಮೇಲೆ ಅಕ್ಕ ತಮ್ಮ ಇಬ್ಬರೂ ಏನೂ ಅರಿಯದವರ ಹಾಗೆ ಮುಖ ಮಾಡಿಕೊಂಡು ಅಂಗಳದಲ್ಲಿ ನಿಲ್ಲುತ್ತಿದ್ದರು.

ದೊಡ್ಡಕ್ಕನಿಗೆ ಐವತ್ತೆರಡು ವರ್ಷ. ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಳ್ಳದೆ ಅಪ್ಪನ ದನಗಳ ಹಿಂದೆಯೇ ಆಯಸ್ಸು ಸವೆಸಿದವಳು. ಅನುಮಾನದಲ್ಲಿ ಅವಳನ್ನು ಮೀರಿಸುವವರು ಹೊಳೆಯ ಈಚೆ ದಡದಲ್ಲೂ ಇರಲಿಲ್ಲ, ಆಚೆ ದಡದಲ್ಲೂ ಇರಲಿಲ್ಲ. ದನದ ಡಾಕ್ಟರು ಚುಚ್ಚುಮದ್ದು ಕೊಟ್ಟು ಎದ್ದರೆ ಖಾಲಿ ಸೀಸೆ ಇಸಿದುಕೊಂಡು ಮೂಸಿ ನೋಡುತ್ತಿದ್ದಳು. ಹಾಲಿನ ಡೈರಿಯವನು ಅಪ್ಪಿತಪ್ಪಿ ನಕ್ಕನೆಂದರೆ ಅವತ್ತು ಅಳತೆಯನ್ನು ಎರಡು ಸಲ ನೋಡುತ್ತಿದ್ದಳು.

ಆದರೆ ದನಗಳ ಲೆಕ್ಕ ಅರ್ಧ ಹೇಳುವುದು ಅವಳ ಚಾಳಿಯಲ್ಲ, ಮನೆಯ ಕಟ್ಟಳೆ. ಅದನ್ನು ಮಾಡಿದವನು ಅಪ್ಪ. ಅವಳಿಗೆ ಒಂಬತ್ತು ವರ್ಷವಿದ್ದಾಗ ಇಬ್ಬರು ಸಾಹೇಬರು ಬಂದು, ದನಗಳ ಮೈ ಸವರಿ, ಎಷ್ಟು ಚೆನ್ನಾಗಿ ಸಾಕಿದ್ದೀರಿ ಎಂದು ಹೊಗಳಿ, ಒಂದೂ ಬಿಡದೆ ಬರೆದುಕೊಂಡು ಹೋದರು. ತಿಂಗಳು ಕಳೆಯಲಿಲ್ಲ, ಮೇಲಿನ ಸೀಮೆಯಲ್ಲಿ ದನಗಳಿಗೆ ಜಾಡ್ಯ ಬಂತೆಂಬ ಸುದ್ದಿ. ಅದೇ ಪಟ್ಟಿ ಹಿಡಿದು ಅದೇ ಸಾಹೇಬರು ಲಾರಿ ತಂದರು. ಕಾಯಿಲೆ ಇದ್ದದ್ದು, ಇಲ್ಲದ್ದು ಎಂದು ನೋಡದೆ ನಲವತ್ತನ್ನೂ ಹತ್ತಿಸಿಕೊಂಡು ಹೋದರು, ಒಂದೂ ತಿರುಗಿ ಬರಲಿಲ್ಲ. ಖಾಲಿ ಹಗ್ಗಗಳನ್ನು ಅಪ್ಪ ಒಂದೊಂದಾಗಿ ಸುತ್ತಿಡುವುದನ್ನು ಅವಳು ಕಂಬದ ಹಿಂದೆ ನಿಂತು ನೋಡಿದ್ದಳು. ಅವತ್ತು ರಾತ್ರಿ ಊಟ ಬಿಟ್ಟು ಅಪ್ಪ ಹೇಳಿದ್ದು ಒಂದೇ ಮಾತು: "ಇನ್ಮೇಲೆ ಎಣಿಸೋಕೆ ಬಂದೋರಿಗೆ ಅರ್ಧ ಹೇಳಿ."

ಫಾರಂ ಹುಡುಗಿ ಬಂದದ್ದು ಮಳೆಗಾಲದ ತಯಾರಿಗೆ. ಹೊಳೆಯ ಅಕ್ಕಪಕ್ಕ ದನ ಸಾಕುವವರಿಗೆ ಕಚೇರಿಯಿಂದ ಹೊಸ ನೆರವು ಬಂದಿತ್ತು. ಎರಡು ತಿಂಗಳ ಮೇವು, ಕೊಟ್ಟಿಗೆಯ ಮಾಡು ರಿಪೇರಿಗೆ ಒಂದಿಷ್ಟು ಹಣ, ಅಣೆಕಟ್ಟೆಯ ಬಾಗಿಲು ತೆರೆಯುವ ದಿನ ದನಗಳನ್ನು ದಿಬ್ಬದ ಮೇಲಿನ ಗೋದಾಮಿಗೆ ಸಾಗಿಸಲು ಲಾರಿ. ಇದನ್ನೆಲ್ಲ ಹುಡುಗಿ ಉಸಿರು ಬಿಡದೆ ಹೇಳಿದಳು. ಕೇಳದೆ ಇಷ್ಟೆಲ್ಲ ಕೊಡುತ್ತಾರೆಂದ ಕೂಡಲೇ ದೊಡ್ಡಕ್ಕನ ತಲೆಯೊಳಗೆ ಹುಳ ಹೊಕ್ಕಿತು.

"ದನ ಎಷ್ಟಿದಾವೆ ದೊಡ್ಡಕ್ಕ?"

"ಹದಿನಾಲ್ಕು. ಕಣ್ಣೆದುರಿಗೇ ಇವೆಯಲ್ಲ."

ಹುಡುಗಿ ಬರೆದುಕೊಂಡಳು. ಬರೆಯುತ್ತಾ ಒಮ್ಮೆ ಬಣವೆಯ ಕಡೆ ನೋಡಿದಳು. ಹದಿನಾಲ್ಕು ದನಗಳಿಗೆ ಇಷ್ಟು ದೊಡ್ಡ ಬಣವೆಯೇ ಎಂದು ಕೇಳುತ್ತಾಳೇನೋ ಎಂದು ದೊಡ್ಡಕ್ಕ ಉತ್ತರ ಸಿದ್ಧ ಮಾಡಿಕೊಂಡಳು. ಹುಡುಗಿ ಕೇಳಲಿಲ್ಲ. ಕೇಳದೆ ಇದ್ದದ್ದೂ ಅನುಮಾನಕ್ಕೇ ಜಮಾ ಆಯಿತು.

"ಕೊನೇದು. ಲಾರಿ ಹತ್ತೋಕೆ ಹಟ ಮಾಡೋ ದನ ಯಾವುದಾದ್ರೂ ಇದೆಯಾ? ಏನು ಮಾಡಿದ್ರೆ ಹತ್ತುತ್ತೆ?"

ದೊಡ್ಡಕ್ಕನ ಕಿವಿ ನೆಟ್ಟಗಾಯಿತು. "ಅದ್ಯಾಕಮ್ಮ ನಿಂಗೆ?"

"ಅವಸರದಲ್ಲಿ ಗಾಬರಿ ಬೀಳ್ತವೆ. ಮೊದಲೇ ಗೊತ್ತಿದ್ರೆ ಅದಕ್ಕೆ ತಕ್ಕ ಹಾಗೆ ಬರಬಹುದು."

"ನಮ್ಮನೆಯವು ಹಂಗೆಲ್ಲ ಇಲ್ಲ. ಟಿಕೆಟ್ ತಗೊಂಡು ಬಸ್ ಹತ್ತೋ ಹಾಗೆ ಹತ್ತುತ್ತವೆ."

ಹಟಮಾರಿ ಒಂದಿತ್ತು. ಹಿಂದಿನ ಕೊಟ್ಟಿಗೆಯ ಬಿಳಿಕಿವಿ. ಈಗ ಅದು ಗಬ್ಬ, ಇನ್ನೆರಡು ತಿಂಗಳಿಗೆ ಕರು ಹಾಕುವಂಥದ್ದು. ಲಾರಿಯ ಮಾತಿರಲಿ, ಕಾಲುವೆಯ ಸಣ್ಣ ಸೇತುವೆ ದಾಟಬೇಕಾದರೂ ಮೂಗಿನ ಮುಂದೆ ಉಪ್ಪಿನ ಗಡ್ಡೆ ಹಿಡಿಯಬೇಕು. ಹುಟ್ಟಿದ ವಾರಕ್ಕೇ ತಾಯಿ ಸತ್ತು, ದೊಡ್ಡಕ್ಕನೇ ಬಾಟಲಿ ಹಾಲು ಕುಡಿಸಿ ಬೆಳೆಸಿದ ದನ. ಅದರ ಹೆಸರು ಎತ್ತಿದರೆ ಅವಳ ದನಿ ಬೇರೆಯಾಗುತ್ತಿತ್ತು, ಅದಕ್ಕೇ ಯಾರ ಮುಂದೆಯೂ ಎತ್ತುತ್ತಿರಲಿಲ್ಲ.

ಹುಡುಗಿ ಮನೆಯ ಕಾಗದ ನೋಡಬೇಕೆಂದಳು. ದೊಡ್ಡಕ್ಕ ಒಳಗೆ ಹೋಗಿ ಪೆಟ್ಟಿಗೆ ತಡಕಾಡಿ ಬರಲು ಹತ್ತು ನಿಮಿಷ ಹಿಡಿಯಿತು. ಬಂದು ನೋಡಿದರೆ ಹುಡುಗಿ ಜಗಲಿಯಲ್ಲಿ ಅಪ್ಪನ ಪಕ್ಕ ಕೂತಿದ್ದಾಳೆ. ಎಂಬತ್ತು ದಾಟಿದ ಅಪ್ಪ ತಲೆ ತಗ್ಗಿಸಿ ಎಂದಿನಂತೆ ಹಗ್ಗ ಹೊಸೆಯುತ್ತಿದ್ದ. ಇಬ್ಬರ ಬಾಯಿಯೂ ಮುಚ್ಚಿತ್ತು, ಈಗಷ್ಟೇ ಮುಚ್ಚಿದ ಹಾಗೆ.

ಸ್ಕೂಟರಿನ ಸದ್ದು ದೂರವಾದ ಮೇಲೆ ಅವಳು ಅಪ್ಪನ ಎದುರು ನಿಂತಳು.

"ಏನಂದಳು ಆ ಹುಡುಗಿ?"

"ಹಗ್ಗ ಚೆನ್ನಾಗಿದೆ ಅಂದಳು."

ದೊಡ್ಡಕ್ಕ ಅಪ್ಪನ ಮುಖವನ್ನೇ ನೋಡಿದಳು. ಎಲ್ಲರನ್ನೂ ಅನುಮಾನಿಸುವವಳಿಗೂ ಒಬ್ಬರ ಮೇಲೆ ಮಾತ್ರ ಅನುಮಾನ ಪಡಲು ಮನಸ್ಸು ಬರುವುದಿಲ್ಲ. ಅವಳು ಕಾಗದವನ್ನು ಪೆಟ್ಟಿಗೆಗೆ ಹಾಕಲು ಒಳಗೆ ಹೋದಳು.

ಅದಾಗಿ ಐದನೇ ವಾರ ಮಳೆ ಹಿಡಿಯಿತು. ಮೇಲಿನ ಸೀಮೆಯಲ್ಲಿ ಎಂಟು ದಿನ ಬಿಡದೆ ಹೊಡೆದು, ಒಂಬತ್ತನೇ ದಿನ ಬೆಳಿಗ್ಗೆ ಫೋನು ಬಂತು. ಮಧ್ಯಾಹ್ನ ಎರಡಕ್ಕೆ ಅಣೆಕಟ್ಟೆಯ ಬಾಗಿಲು ತೆರೆಯುತ್ತಾರೆ, ಹನ್ನೊಂದರೊಳಗೆ ಲಾರಿ ಬರುತ್ತದೆ. ಹತ್ತೂವರೆಗೇ ಬಂತು. ಹೇಳಿದ ಹೊತ್ತಿಗಿಂತ ಮೊದಲೇ ಸರ್ಕಾರದ ಗಾಡಿ ಬಂದದ್ದನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ, ಅದಕ್ಕೂ ಒಮ್ಮೆ ಹುಬ್ಬು ಗಂಟಿಕ್ಕಿದಳು. ಆದರೂ ಮುಂದಿನ ಕೊಟ್ಟಿಗೆಯ ಹದಿನಾಲ್ಕನ್ನು ಹತ್ತಿಸಿದಳು. ಅಪ್ಪನನ್ನು ಡ್ರೈವರನ ಪಕ್ಕ ಕೂರಿಸಿ, ಗೋದಾಮಿನಲ್ಲಿ ದನಗಳ ಮೇಲೆ ಕಣ್ಣಿಟ್ಟಿರು ಎಂದಳು. ಉಳಿದ ಹದಿಮೂರನ್ನು ಅವಳೂ ತಮ್ಮನೂ ಕಾಲುವೆಯ ಏರಿಯ ಮೇಲೆ ನಡೆಸಿಕೊಂಡು ಹೋಗಬೇಕು, ಅದು ಅವಳ ಯೋಜನೆ. ಎರಡು ಗಂಟೆಯ ದಾರಿ, ಬೇಗ ಹೊರಡಬೇಕಿತ್ತು.

ಲಾರಿ ಹೊರಡುವಾಗ ಅಪ್ಪ ಕಿಟಕಿಯಿಂದ ತಲೆ ಹೊರಹಾಕಿ, "ಗಾಬರಿ ಆಗಬೇಡ. ಉಳಿದವೂ ಬರ್ತವೆ ಬಿಡು," ಎಂದ. ಮುದುಕ ಸಮಾಧಾನ ಹೇಳುತ್ತಿದ್ದಾನೆ ಎಂದುಕೊಂಡಳು.

ತಮ್ಮ ಹಿಂದಿನ ಕೊಟ್ಟಿಗೆಯಲ್ಲಿ ಹಗ್ಗ ಬಿಚ್ಚುತ್ತಿದ್ದ. ದೊಡ್ಡಕ್ಕ ಗೇಟು ಹಾಕಲು ಬಂದಳು. ಆಗ ಎರಡನೆಯ ಲಾರಿ ಬಂದು ನಿಂತಿತು.

ಡ್ರೈವರ್ ಕುಳ್ಳ, ಮಳೆಕೋಟು ತೊಟ್ಟಿದ್ದ. ಒಂದು ಕೈಯಲ್ಲಿ ಪ್ಲಾಸ್ಟಿಕ್ ಹೊದಿಕೆಯ ಕಾಗದ, ಇನ್ನೊಂದು ಕೈಯಲ್ಲಿ ಮುಷ್ಟಿಗಾತ್ರದ ಉಪ್ಪಿನ ಗಡ್ಡೆ.

"ಒಟ್ಟು ಇಪ್ಪತ್ತೇಳು ಅಂತಿದೆಯಮ್ಮ. ಹದಿನಾಲ್ಕು ಹೋದವಲ್ಲ, ಇನ್ನು ಹದಿಮೂರು ಎಲ್ಲಿ?"

ದೊಡ್ಡಕ್ಕ ಗೇಟಿನ ಚಿಲಕ ಹಾಕಿದಳು. ಇಪ್ಪತ್ತೆಂಟಲ್ಲ, ಇಪ್ಪತ್ತಾರಲ್ಲ. ನಲವತ್ತು ವರ್ಷ ಹೊರಗೆ ಬೀಳದ ಲೆಕ್ಕ ಈ ಕುಳ್ಳನ ಕಾಗದದ ಮೇಲೆ ಹೇಗೆ ಬಂತು? ಮನೆಯೊಳಗಿನವರೇ ಬಾಯಿ ಬಿಟ್ಟಿದ್ದಾರೆ. ಯಾರು? ತಮ್ಮನಾ? ಮೊನ್ನೆ ಮೊನ್ನೆ ಅವನು ಕಚೇರಿಗೆ ಹೋಗಿ ಮೇವಿನ ಚೀಲ ಹೊತ್ತು ತಂದಿದ್ದ, ಹೋದವನು ಸುಮ್ಮನೆ ಬಂದಿರುತ್ತಾನಾ? ಮತ್ತೆ ಆ ಉಪ್ಪು. ಮೊದಲನೇ ಲಾರಿಯವನ ಕೈಯಲ್ಲಿ ಉಪ್ಪಿರಲಿಲ್ಲ. ಅಡಗಿಸಿಟ್ಟದ್ದನ್ನು ಎಳೆದುಕೊಂಡು ಹೋಗುವವನಿಗಲ್ಲದೆ ಉಪ್ಪು ಇನ್ನಾರಿಗೆ ಬೇಕು? ಅವಳ ಕಣ್ಣ ಮುಂದೆ ಅಪ್ಪ ಸುತ್ತಿಟ್ಟ ನಲವತ್ತು ಹಗ್ಗಗಳು ಬಂದವು.

"ಹದಿಮೂರೂ ಇಲ್ಲ, ಮೂರೂ ಇಲ್ಲ. ಇದ್ದದ್ದೇ ಹದಿನಾಲ್ಕು."

"ಇಲ್ಲಿ ಬರೆದಿದೆಯಲ್ಲಮ್ಮ…"

"ಬರೆದೋರನ್ನೇ ಕೇಳು. ನಂಗೆ ಕೆಲಸವಿದೆ."

ಡ್ರೈವರ್ ಮರಗಳ ಸಾಲಿನ ಕಡೆ ಒಮ್ಮೆ ನೋಡಿದ. ಮಳೆಯ ಸದ್ದಿನಲ್ಲಿ ಏನೂ ಕೇಳುತ್ತಿರಲಿಲ್ಲ. ಹೊಳೆಯುದ್ದಕ್ಕೂ ಇನ್ನೂ ಆರು ಮನೆಗಳು ಕಾಯುತ್ತಿದ್ದವು, ಅವನಿಗೂ ವಾದ ಮಾಡುವಷ್ಟು ಪುರುಸೊತ್ತಿರಲಿಲ್ಲ. "ಹಾಗಾದ್ರೆ ಬೇಡ ಅಂತ ಒಂದು ಸಹಿ ಹಾಕಿಬಿಡಿ," ಎಂದ. ಅವಳು ಗೇಟಿನ ಮೇಲೆ ಕಾಗದವಿಟ್ಟು ದುಂಡಗೆ ಸಹಿ ಹಾಕಿದಳು. ಲಾರಿ ಹಿಂದಕ್ಕೆ ತಿರುಗಿ ಹೋಯಿತು.

ತಮ್ಮ ಒದ್ದೆಯಾಗಿ ಓಡಿ ಬಂದ. "ಯಾರದು ಲಾರಿ ಅಕ್ಕ?"

"ದಾರಿ ತಪ್ಪಿ ಬಂದಿತ್ತು," ಎಂದಳು. ಹೇಳುವಾಗ ಅವನ ಮುಖದಲ್ಲಿ ಕಳ್ಳತನವೇನಾದರೂ ಕಾಣುತ್ತದೆಯೇ ಎಂದು ಹುಡುಕಿದಳು. ಮಳೆನೀರು ಬಿಟ್ಟು ಇನ್ನೇನೂ ಕಾಣಲಿಲ್ಲ.

ಏರಿಯ ದಾರಿ ಕೆಸರಾಗಿತ್ತು. ಎರಡು ಗಂಟೆಯ ದಾರಿಯಲ್ಲಿ ಎರಡೂವರೆ ಗಂಟೆ ನಡೆದರೂ ಕಾಲುವೆಯ ಸೇತುವೆ ಆಗಷ್ಟೇ ಸಿಕ್ಕಿತು. ತಮ್ಮ ಮುಂದೆ ಹೋಗಿ ಎಂಟನ್ನು ದಾಟಿಸಿದ. ಒಂಬತ್ತನೆಯದು ಬಿಳಿಕಿವಿ. ಸೇತುವೆಯ ಅಂಚಿಗೆ ಬಂದು, ಕೆಳಗಿನ ಕೆಂಪು ನೀರು ನೋಡಿ, ನಾಲ್ಕೂ ಕಾಲು ಊರಿ ನಿಂತುಬಿಟ್ಟಿತು. ಅದರ ಹಿಂದೆ ಇನ್ನು ನಾಲ್ಕು, ಏರಿ ಕಿರಿದು, ಸುತ್ತಿ ಹೋಗಲು ಜಾಗವಿಲ್ಲ. ದೊಡ್ಡಕ್ಕ ಸೊಂಟದ ಚೀಲಕ್ಕೆ ಕೈ ಹಾಕಿದಳು. ಉಪ್ಪು ಇರಲಿಲ್ಲ. ಎರಡನೇ ಲಾರಿಯ ಗಡಿಬಿಡಿಯಲ್ಲಿ ಅಡುಗೆಮನೆಯ ಕಿಟಕಿಯಲ್ಲೇ ಬಿಟ್ಟು ಬಂದಿದ್ದಳು.

ಬೇಡಿಕೊಂಡಳು, ಬೈದಳು, ಬರಿಗೈಯನ್ನು ಅದರ ಮೂಗಿಗೆ ಹಿಡಿದಳು. ಬಿಳಿಕಿವಿ ಅಂಗೈ ನೆಕ್ಕಿತು, ಕಾಲು ಮಾತ್ರ ಎತ್ತಲಿಲ್ಲ. ಎರಡು ಗಂಟೆ ಆಗಿ ಹೋಗಿತ್ತು. ಮೇಲಿನಿಂದ ನೀರಿನ ಸದ್ದು ಕೇಳಿದಾಗ ತಮ್ಮ ಓಡಿ ಬಂದು ಅಕ್ಕನ ರಟ್ಟೆ ಹಿಡಿದು ಎಳೆದ. ಅವಳು ಐದರ ಹಗ್ಗವನ್ನೂ ಬಿಚ್ಚಿ ಬಿಟ್ಟಳು. ಈಜಿಯಾವು ಎಂಬ ಆಸೆ. ಸೇತುವೆ ದಾಟಿ ತಿರುಗಿ ನೋಡುವಷ್ಟರಲ್ಲಿ ಏರಿಯೇ ಇರಲಿಲ್ಲ.

ಗೋದಾಮಿನ ತಗಡಿನ ಕೆಳಗೆ ಇನ್ನೂರು ದನ, ಅಷ್ಟೇ ಗದ್ದಲ. ಮೂರನೆಯ ದಿನ ಬೆಳಿಗ್ಗೆ ಮೇವಿನ ಸಾಲಿನಲ್ಲಿ ನಿಂತಿದ್ದಾಗ ಮೇಜಿನ ಮೇಲೆ ತನ್ನ ಸಹಿ ಕಂಡು ದೊಡ್ಡಕ್ಕ ಆ ಕಾಗದವನ್ನು ಎತ್ತಿಕೊಂಡಳು. ಮೇಲೆ ಹದಿನಾಲ್ಕು ಎಂದು ಬರೆದು ಹೊಡೆದುಹಾಕಿ ಇಪ್ಪತ್ತೇಳು ಮಾಡಿತ್ತು. ಅದರ ಕೆಳಗೆ ಪುಟ್ಟ ಅಕ್ಷರಗಳು: "ಎರಡು ಲಾರಿ ಕಳಿಸಿ. ಹಿಂದಿನ ಕೊಟ್ಟಿಗೆಯಲ್ಲಿ ಹದಿಮೂರು. ಬಿಳಿ ಕಿವಿಯದು ಹತ್ತುವುದಿಲ್ಲ, ಗಬ್ಬವಿದೆ, ಹೊಡೆಯಬಾರದು. ಡ್ರೈವರ್ ಉಪ್ಪಿನ ಗಡ್ಡೆ ತಪ್ಪದೆ ಒಯ್ಯಬೇಕು." ಕೊನೆಯಲ್ಲಿ ಇನ್ನೊಂದು ಕೈಬರಹ: "ಎರಡನೇ ಲಾರಿ ಮಾಲೀಕರು ಬೇಡ ಎಂದರು." ಅದರ ಪಕ್ಕ ದುಂಡಗಿನ ಸಹಿ.

ಫಾರಂ ಹುಡುಗಿ ಮೇಜಿನ ಆಚೆ ನಿಂತಿದ್ದಳು. ಮೂರು ದಿನದಿಂದ ಕಣ್ಣು ಮುಚ್ಚಿದವಳ ಹಾಗೆ ಕಾಣಲಿಲ್ಲ.

"ಯಾರು ಹೇಳಿದ್ದು ಇದನ್ನ?"

"ತಾತ ಹೇಳಿದ್ರು ದೊಡ್ಡಕ್ಕ. ನೀವು ಕಾಗದ ತರೋಕೆ ಒಳಗೆ ಹೋಗಿದ್ರಲ್ಲ, ಆವಾಗ."

ಅಪ್ಪ ಗೋದಾಮಿನ ಮೂಲೆಯಲ್ಲಿ ಚೀಲದ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಅವಳು ಎದುರಿಗೆ ಹೋಗಿ ನೆಲದ ಮೇಲೆ ಕುಸಿದಳು.

"ನಾನು ಕೇಳಿದ್ನಲ್ಲ ಅಪ್ಪ ಅವತ್ತು."

"ನೀನು ಅವಳೇನಂದಳು ಅಂತ ಕೇಳಿದೆ. ನಾನೇನಂದೆ ಅಂತ ಕೇಳಲಿಲ್ಲ."

"ಅರ್ಧ ಹೇಳಿ ಅಂತ ಕಲಿಸಿದ್ದು ನೀನೇ!"

ಅಪ್ಪನ ಕೈ ನಿಂತಿತು. "ಹೌದು. ನಾನೇ ಹಾಕಿದ ಕಟ್ಟಳೆ ನಾನೇ ಮುರಿದೆ ಅಂತ ಮಗಳ ಮುಂದೆ ಹೇಳೋಕೆ ನಾಚಿಕೆ ಆಯ್ತು. ಲಾರಿ ಹೇಗೂ ಬರುತ್ತೆ, ಆವಾಗ ಗೊತ್ತಾಗುತ್ತೆ ಅಂದ್ಕೊಂಡೆ." ಹಗ್ಗದ ಎಳೆಯೊಂದನ್ನು ಬಿಡಿಸಿ ಮತ್ತೆ ಹೇಳಿದ. "ಅವತ್ತು ನಲವತ್ತನ್ನು ಹೊಡ್ಕೊಂಡು ಹೋದೋರು ಎಷ್ಟು ಅಂತ ಮಾತ್ರ ಕೇಳಿದ್ರು. ಯಾವುದು ಹೆದರುತ್ತೆ ಅಂತ ಒಬ್ಬನೂ ಕೇಳಲಿಲ್ಲ. ಈ ಹುಡುಗಿ ಕೇಳಿದಳು. ಅದಕ್ಕೇ ಹೇಳಿದೆ."

ದೊಡ್ಡಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಮಗಳು ದೊಡ್ಡವಳಾದ ಮೇಲೆ ಅತ್ತದ್ದನ್ನು ಅಪ್ಪ ಕಂಡದ್ದು ಅದೇ ಮೊದಲು. ಎಲ್ಲಿ ಕೈ ಇಡಬೇಕೆಂದು ತಿಳಿಯದೆ ಹಗ್ಗದ ತುದಿಯನ್ನು ಹಿಡಿದುಕೊಂಡೇ ಕೂತ.

ಸಂಜೆ ಫಾರಂ ಹುಡುಗಿ ಹೊಸ ಕಾಗದ ಹಿಡಿದು ಬಂದಳು. ನೀರು ಇಳಿದ ಮೇಲೆ ದನಗಳನ್ನು ವಾಪಸು ಸಾಗಿಸಬೇಕಿತ್ತು, ಅದಕ್ಕೆ ಮತ್ತೆ ಲೆಕ್ಕ. ಸಹಿಯ ವಿಷಯ ಎತ್ತಲಿಲ್ಲ.

"ಈಗ ಎಷ್ಟಿವೆ ದೊಡ್ಡಕ್ಕ?"

ಹನ್ನೊಂದು ಎಂಬ ಮಾತು ನಾಲಗೆಯ ತುದಿಗೆ ತಾನಾಗಿ ಬಂದು ಕೂತಿತ್ತು. ಅವಳು ಅದನ್ನು ನುಂಗಿಕೊಂಡಳು.

"ಇಪ್ಪತ್ತೆರಡು. ಬಾ, ನೀನೇ ಎಣಿಸು," ಎಂದು ಹುಡುಗಿಯ ಕೈ ಹಿಡಿದುಕೊಂಡು ಸಾಲಿನ ಉದ್ದಕ್ಕೂ ನಡೆದಳು. ಒಂದೊಂದರ ಬೆನ್ನಿನ ಮೇಲೂ ಕೈಯಿಟ್ಟು ಹೆಸರು ಹೇಳಿದಳು. ಹುಡುಗಿ ಇಪ್ಪತ್ತೆರಡನ್ನೂ ಬರೆದುಕೊಂಡಳು. ಕೊನೆಯ ಪ್ರಶ್ನೆಯ ಹತ್ತಿರ ಪೆನ್ನು ತಡೆಯಿತು. ಓದಲೋ ಬೇಡವೋ ಎಂದು ತಲೆ ಎತ್ತಿದಳು.

"ಬರ್ಕೊ," ಎಂದಳು ದೊಡ್ಡಕ್ಕ. "ಇವೆಲ್ಲ ಹತ್ತುತ್ತವೆ. ಹತ್ತದೇ ಇದ್ದದ್ದು ಒಂದೇ ಇತ್ತು."