ಅತ್ತೆಯ ಹೆಸರಿಗೊಂದು ಜೀಪು

ಕೆರೆ ಏರಿ ಹತ್ತುವಾಗ ಜೀಪಿನ ಮೂತಿ ಆಕಾಶ ನೋಡಿತು, ಸುನಂದಮ್ಮನ ಬೆನ್ನು ಹಿಂದಿನ ಸೀಟಿಗೆ ಅಂಟಿತು — ಅಯ್ಯಯ್ಯೋ, ಎಂಥ ಗಾಡಿಯಪ್ಪಾ ಇದು, ಈ ಕೆಸರು ಇದಕ್ಕೊಂದು ಲೆಕ್ಕವೇ ಅಲ್ಲ, ಮುಂದೆ ಕೂತು ಓಡಿಸಿ ನೋಡುತ್ತಿದ್ದ ಗಂಡ ನಿಂಗರಾಜು ದೊಡ್ಡ ಗೇರಿನ ಪಕ್ಕದ ಆ ಗಿಡ್ಡ ಗೇರು ಎಳೆದದ್ದೇ ತಡ ನಾಲ್ಕು ಗಾಲಿಯೂ ಒಟ್ಟಿಗೆ ನೆಲ ಕಚ್ಚಿದವು, ಕೆರೆಯಿಂದ ಎಮ್ಮೆ ಎದ್ದು ಬಂದ ಹಾಗೆ ಮೇಲೆ ಬಂತು, ಆ ಗಿಡ್ಡ ಗೇರನ್ನು ತಾನೂ ಎಳೆಯಬೇಕು, ಒಂದೇ ಒಂದು ಸಲ. ಹೆಂಗದೆ ಅಕ್ಕಾ ಗಾಡಿ, ಅಬ್ದುಲ್ ರಹಮಾನ್ ತಿರುಗಿ ಕೇಳುತ್ತಾನೆ, ಹುಣಸೂರಿನಲ್ಲಿ ಹಳೇ ಗಾಡಿ ಮಾರುವವನು, ಅವಳು ಬಾಯಿ ತೆರೆಯುವ ಮೊದಲೇ ನಿಂಗರಾಜು, ಅವ್ಳಿಗೇನ್ ಗೊತ್ತಾಯ್ತದೆ ಬುಡಿ ಭಾಯ್. ಹೂಂ, ಏನು ಗೊತ್ತಾಗುತ್ತದೆ, ಕೋಟೆ ತಾಲ್ಲೂಕಿನ ಕಡೆ ಗುತ್ತಿಗೆಗೆ ನೆಲ ಹಿಡಿದು ಶುಂಠಿ ಹಾಕಿದವಳು ಯಾರು, ಮಳೆಗಾಲದಲ್ಲಿ ಬಾಡಿಗೆ ಟೆಂಪೊದವನು ರಸ್ತೆಯಲ್ಲೇ ನಿಂತು, ಕೆಳಕ್ಕೆ ಬರಕ್ಕಿಲ್ಲ ಕಣಮ್ಮೋ, ಗಾಡಿ ಊತೋಯ್ತದೆ ಎಂದಾಗ ಗೊಬ್ಬರದ ಚೀಲ ತಲೆ ಮೇಲೆ ಹೊತ್ತು ಕೆಸರಿಗೆ ಇಳಿದವಳು ಯಾರು, ಕುತ್ತಿಗೆ ಈಗಲೂ ನೆಟ್ಟಗೆ ತಿರುಗುವುದಿಲ್ಲ, ಈ ಗಾಡಿ ಬಂದರೆ ಹೊರೆ ತಪ್ಪುತ್ತದೆ, ತಾನೇ ಓಡಿಸಿಕೊಂಡು ಹೋಗಬಹುದು, ಲೈಸೆನ್ಸ್ ಮಾಡಿಸಿದಾಗ ಊರೆಲ್ಲ ನಕ್ಕಿತ್ತು, ನಗಲಿ.

ಜೀಪು ವಾಪಸ್ಸು ಬಂದು ಅಂಗಡಿ ಮುಂದೆ ನಿಂತಿದೆ, ಅಬ್ದುಲ್ ರಹಮಾನ್ ಇಳಿದು ಕಾಗದ ತಂದ, ಯಾರ ಹೆಸ್ರಿಗೆ ಮಾಡ್ಸೋದು ಅಕ್ಕಾ, ನಮ್ಮವ್ವನ ಹೆಸ್ರಿಗೆ — ನಿಂಗರಾಜುವಿನ ದನಿ, ಎಷ್ಟು ಸಲೀಸು! ಅವ್ವನ ಹೆಸರಿಗೆ! ದುಡ್ಡು ಇವಳ ಬ್ಯಾಗಿನಲ್ಲಿ, ಇವಳ ಶುಂಠಿ ದುಡ್ಡು, ಗಾಡಿ ಮಾತ್ರ ಅತ್ತೆ ಕುಳ್ಳಮ್ಮನಿಗೆ, ಬಸ್ಸು ಹತ್ತಿದರೆ ವಾಂತಿ ಮಾಡಿಕೊಳ್ಳುವ ಕುಳ್ಳಮ್ಮನಿಗೆ! ಕಂಪಲಾಪುರದ ಶಾಸ್ತ್ರಿಗಳು ನೋಡವ್ರೆ ಕಣಮ್ಮಿ, ನಿನ್ ನಕ್ಷತ್ರಕ್ಕೆ ವಾಹನ ಆಗ್ಬರಕ್ಕಿಲ್ವಂತೆ, ಅವ್ವಂದು ಕೂಡಿ ಬತ್ತದೆ. ಟಿಲ್ಲರ್ ತರುವಾಗಲೂ ಇದೇ ಶಾಸ್ತ್ರ, ಇದೇ ಅವ್ವ, ಆಮೇಲೆ ಮೈದುನ ಚಂದು ಬಂದು, ಅವ್ವಂದಲ್ವಾ ಅತ್ಗೆ, ನಂಗೂ ಹಕ್ಕದೆ ಅಂತ ಹೊಡೆದುಕೊಂಡು ಹೋದ, ಇವತ್ತಿಗೂ ಅವನ ಹಿತ್ತಲಲ್ಲೇ ನಿಂತಿದೆ, ಕೇಳಿದರೆ ಇವನು, ಓಗ್ಲಿ ಬುಡು, ಒಡಹುಟ್ಟಿದವ್ನು. ಥೂ, ಕಳೆ ಕೀಳುವುದಕ್ಕೆ ಮಾತ್ರ ಯಾವ ನಕ್ಷತ್ರವೂ ಅಡ್ಡ ಬರಲಿಲ್ಲ, ಗೊಬ್ಬರ ಹೊರುವಾಗ ಯಾವ ಶಾಸ್ತ್ರಿಯನ್ನೂ ಯಾರೂ ಕೇಳಲಿಲ್ಲ. ಕೊಡಮ್ಮಿ ಬ್ಯಾಗ, ನಿಂಗರಾಜು ಒಂದು ಕೈ ಹಿಂದಕ್ಕೆ ಚಾಚಿದ್ದಾನೆ, ಇನ್ನೊಂದು ಕೈ ಆ ಗಿಡ್ಡ ಗೇರಿನ ಮೇಲೆ, ಅಲ್ಲೇ ಹುಟ್ಟಿದ ಹಾಗೆ. ಕೊಟ್ಟುಬಿಡಲೇ, ಕಾಗದ ಯಾರ ಹೆಸರಲ್ಲಿದ್ದರೇನು, ಕುತ್ತಿಗೆ ಉಳಿದರೆ ಸಾಕಲ್ಲವಾ, ಉಳಿಯುತ್ತದಾ, ಮೊದಲ ಮಳೆಗೇ ಚಂದು ಬಂದು ಬಾಗಿಲಲ್ಲಿ ನಿಲ್ಲುವುದಿಲ್ಲವಾ, ಅವ್ವಂದಲ್ವಾ ಅತ್ಗೆ.

ಬ್ಯಾಗನ್ನು ಹೊಟ್ಟೆಗೆ ಒತ್ತಿಕೊಂಡಳು. ನಂಗೆ ಆಗ್ಬರಕ್ಕಿಲ್ಲ ಅಂದ್ಮೇಲೆ ನನ್ ದುಡ್ಡೂ ಈ ಗಾಡಿಗೆ ಆಗ್ಬರಕ್ಕಿಲ್ಲ ಬುಡಿ. ಏನಂದೆ, ಏನಂದೇ ನೀನು, ಅವನು ಕೂಗುತ್ತಲೇ ಇದ್ದ, ಅಬ್ದುಲ್ ರಹಮಾನ್ ಕಾಗದ ಮಡಚಿದ, ಅವಳು ಇಳಿದು ಬಸ್ ಸ್ಟ್ಯಾಂಡಿನ ಕಡೆ ನಡೆದಳು, ಗೆದ್ದೆಯೇನೇ ಸುನಂದಾ, ಏನು ಮಣ್ಣು ಗೆದ್ದೆ, ಕೋಟೆ ಕಡೆ ಮೋಡ ಕಟ್ಟಿದೆ, ನಾಳೆ ಮತ್ತೆ ಅದೇ ಚೀಲ, ಅದೇ ಕೆಸರು, ಎಷ್ಟು ಚೆಂದ ಹತ್ತಿತಲ್ಲ ಏರಿಯನ್ನು, ನೋಡಬಾರದು ಎಂದುಕೊಂಡೇ ಮೈಯೆಲ್ಲ ತಿರುಗಿಸಿ ನೋಡಿದಳು — ಗಾಜಿನಾಚೆ ಆ ಗಿಡ್ಡ ಗೇರು, ಅದರ ಮೇಲೆ ಇನ್ನೂ ಅವನ ಕೈ, ಅವನ ಕೈ