ಬಿದ್ದದ್ದು ಹೇಗೆ

"ಹೊರಗ ನಡಿ, ಹಲ್ಕಟ್ ಹೆಂಗಸ! ಭೇಟಿ ವ್ಯಾಳ್ಯಾ ಮುಗದೈತಿ," ಎಂದು ಕಾವಲುಗಾರ ಅಕ್ಕವ್ವನ ರಟ್ಟೆ ಹಿಡಿದು ಎಳೆದ.

"ಯಪ್ಪಾ, ನನ್ನ ಗಂಡಗ ಚಕ್ಕರ ಬರತಾವ. ಎದ್ರ ಬೀಳ್ತಾರ. ಡಾಕ್ಟರ್ ಸಾಹೇಬ್ರ, ನೀವರ ಹೇಳ್ರಿ."

ಹರ್ಷದ ಎಂಬ ಆ ಡಾಕ್ಟರ್ ಮೊಬೈಲಿನಿಂದ ತಲೆ ಎತ್ತಲಿಲ್ಲ. "ನಿನ್ನ ಗಂಡ ಏನ್ ಸಣ್ಣ ಕೂಸೇನ? ಸಿಸ್ಟರ್ ಅದಾರ. ನಡಿ." ಗಡಿಹಳ್ಳಿಯವನಾದ ಅವನ ಕನ್ನಡ ಅವಳ ಕನ್ನಡದಷ್ಟೇ ಸ್ವಚ್ಛವಾಗಿತ್ತು.

ಅವಳ ಗಂಡ ಸಾತಪ್ಪ ಮಹಾರಾಷ್ಟ್ರದ ಇಚಲಕರಂಜಿಯಲ್ಲಿ, ಶಹಾಪುರ ಬಡಾವಣೆಯ ಮಗ್ಗದ ಶೆಡ್ಡಿನಲ್ಲಿ ದುಡಿಯುವವನು. ಜ್ವರವೆಂದು ಅದೇ ಊರಿನ ಈ ಆಸ್ಪತ್ರೆ ಸೇರಿದ್ದ. ಅಕ್ಕವ್ವನನ್ನು ಹೊರಗೆ ಹಾಕಿದ ಮೇಲೆ ಅವನಿಗೆ ಮೂತ್ರಕ್ಕೆ ಅವಸರವಾಯಿತು. ಸಿಸ್ಟರನ್ನು ಕೂಗಿದ. ಕೂಗಿ ಕೂಗಿ, ಯಾರೂ ಬರದೆ, ತಾನೇ ಮಂಚ ಇಳಿದ. ಬಿದ್ದ. ಸೊಂಟದ ಎಲುಬು ಮುರಿಯಿತು. ಮರುದಿನ ಅಕ್ಕವ್ವನನ್ನು ಒಳಗೆ ಬಿಟ್ಟಾಗ ಅವನು ಒದ್ದೆಯಲ್ಲೇ ಮಲಗಿದ್ದ. ಪಕ್ಕದ ಮಂಚದ ಬಾಳಗೊಂಡ ನಡೆದದ್ದನ್ನೆಲ್ಲ ಹೇಳಿದ. ಅವಳಿಗೆ ಅಳು ಬರಲಿಲ್ಲ. ಸೆರಗಿನಿಂದ ಗಂಡನ ಕಾಲು ಒರೆಸಿದಳು. ಸಾತಪ್ಪ ಅಂದಿನಿಂದ ಮಾತು ಬಿಟ್ಟ. ಆಪರೇಷನ್ ಆಮೇಲೆ ನೋಡೋಣ ಎಂದರು ಆಸ್ಪತ್ರೆಯವರು.

ಅದೇ ವಾರ ಪುಣೆಯಿಂದ ಒಂದು ತಂಡ ಬಂತು. ರೋಗಿಗಳು ಆಸ್ಪತ್ರೆಯಲ್ಲಿ ಏಕೆ ಬೀಳುತ್ತಾರೆ, ಬೀಳದಂತೆ ಏನು ಮಾಡಬೇಕು ಎಂಬ ಸಂಶೋಧನೆಯಂತೆ. ರುತುಜಾ ಎಂಬ ಹುಡುಗಿ ಸ್ಟೂಲು ಎಳೆದು ಕೂತು, ಇವರು ಬಿದ್ದದ್ದು ಹೇಗೆ ಎಂದು ಮರಾಠಿಯಲ್ಲಿ ಕೇಳಿದಳು. ಅಕ್ಕವ್ವನ ಬಾಯಿಗೆ ತನ್ನ ಕನ್ನಡವೇ ಬಂತು.

"ಒದರಿ ಒದರಿ ಸಾಕಾಗೇತ್ರಿ ಇವ್ರಿಗಿ. ಒಬ್ರೂ ಬರಲಿಲ್ಲ. ನಾಯಿ ಹೊಡದಂಗ ನನ್ನ ಹೊರಗ ಅಟ್ಟಿದ್ರು."

ರುತುಜಾಗೆ ತಿಳಿಯಲಿಲ್ಲ. ಪಕ್ಕದಲ್ಲಿ ನಿಂತಿದ್ದ ಹರ್ಷದ ನಗುತ್ತ ಮರಾಠಿಗೆ ತಿರುಗಿಸಿ ಹೇಳಿದ: ಸಿಸ್ಟರ್ ಏಳಬೇಡ ಎಂದಿದ್ದರಂತೆ, ಗಂಡ ಕೇಳಲಿಲ್ಲವಂತೆ, ತಾನು ಊಟಕ್ಕೆ ಹೋಗಿದ್ದೇ ತಪ್ಪಾಯಿತು ಅನ್ನುತ್ತಾಳೆ.

ಈ ಊರಿನ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತುತ್ತಲೇ ಮುದುಕಿಯಾದವಳಿಗೆ ಮರಾಠಿ ಬರುವುದಿಲ್ಲವೆಂದು ಅವನು ಹೇಗೆ ತಿಳಿದನೋ.

"ಖೋಟ ಬೋಲತೋಯ ಹಾ," ಎಂದಳು ಅಕ್ಕವ್ವ. ಸುಳ್ಳು ಹೇಳ್ತಾನೆ ಇವನು. ದನಿ ಏರಲಿಲ್ಲ. ನಡೆದದ್ದನ್ನೆಲ್ಲ ಮರಾಠಿಯಲ್ಲಿ ಮತ್ತೆ ಹೇಳಿದಳು. ಆಮೇಲೆ ಹರ್ಷದನ ಕಡೆ ತಿರುಗಿದಳು.

"ನಿನ್ನ ಹೇಲು ನನ್ನ ಬಾಯಾಗ ತುರಕಬ್ಯಾಡೋ, ಭಾಡ್ಯಾ."

"ಇವರನ್ನ ಈಗಿಂದೀಗ ಡಿಸ್ಚಾರ್ಜ್ ಮಾಡ್ರಿ," ಎಂದು ಸಿಸ್ಟರಿಗೆ ಹೇಳಿ ಹರ್ಷದ ಹೊರಟುಹೋದ.

ರುತುಜಾ ಎದ್ದಳು. ಆಸ್ಪತ್ರೆ ಒಪ್ಪದಿದ್ದರೆ ಇದನ್ನು ವರದಿಯಲ್ಲಿ ಸೇರಿಸಲು ಬರುವುದಿಲ್ಲ, ಮಾವಶಿ, ಎಂದು ಮರಾಠಿಯಲ್ಲಿ ಅಕ್ಕವ್ವನಿಗೆ ಪಿಸುಗುಟ್ಟಿ, ಪಕ್ಕದ ಮಂಚಕ್ಕೆ ಸ್ಟೂಲು ಸರಿಸಿದಳು. ಬಾಳಗೊಂಡ ಗೋಡೆಯ ಕಡೆ ಹೊರಳಿದ.

ಇಬ್ಬರು ಆಳುಗಳು ಸ್ಟ್ರೆಚರ್ ತಂದರು. ಸಾತಪ್ಪ ಎರಡೂ ಕೈಯಿಂದ ಮಂಚದ ಸರಳು ಹಿಡಿದುಕೊಂಡ.

"ಬಿಡೋ, ಮುದಕಾ," ಎಂದು ಒಬ್ಬ ಬೆರಳು ಬಿಡಿಸತೊಡಗಿದ. ಬಿಡಿಸಿದ ಬೆರಳು ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಅಕ್ಕವ್ವ ಮಂಚ ಹತ್ತಿ, ಗಂಡನ ಕೈಗಳ ಮೇಲೆ ತನ್ನ ಕೈಗಳನ್ನಿಟ್ಟು ಬಿಗಿಯಾಗಿ ಒತ್ತಿ ಹಿಡಿದಳು.

ಆಳುಗಳು ಸಾತಪ್ಪನನ್ನು ಎಳೆದರು. ಅವನ ಜೊತೆಗೆ ಮಂಚವೂ ಕಿರ್ರೆನ್ನುತ್ತ ಜರುಗಿತು.